ಎದುರಾಳಿಗಳ ಬಾಗಿಲು ಕಾಯುವ ಥೀಸೆನ್ ಮಿಸ್

ವರ್ನಾ ಥೀಸೆನ್ ನಮ್ಮ ಲಾರ್ಕ್ ಕ್ರೀಕ್ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಏಳನೇ ತರಗತಿಗೆ ಪಾಠ ಹೇಳಿದವರು. ಊರಲ್ಲಿ ಇಪ್ಪತ್ತೈದರಿಂದ ಅರವತ್ತರ ತನಕ ಯಾರನ್ನೇ ಹಿಡಿದು ಕೇಳಿ, ಅವರ ಕೈಲಿ ಬೈಸಿಕೊಳ್ಳದವರು ಸಿಗುವುದು ಕಷ್ಟ. ನಮ್ಮ ಮೇಯರ್ ಇವತ್ತಿಗೂ ಅವರನ್ನು ಕಂಡರೆ ಜೇಬಿನಿಂದ ಕೈ ತೆಗೆಯುತ್ತಾರೆ. ಪಾದ್ರಿಗಳು ಉಪದೇಶ ಮಾಡುವಾಗ ಮೂರನೇ ಸಾಲಿನ ಎಡಗಡೆಗೆ, ಅಂದರೆ ಅವರು ಕೂರುವ ಕಡೆಗೆ, ನೋಡುವುದೇ ಇಲ್ಲ. ನೋಡಿದರೆ ವಾಕ್ಯ ಅರ್ಧಕ್ಕೇ ನಿಂತುಹೋಗುತ್ತದಂತೆ. ಟಯರ್ ಅಂಗಡಿ ಇಟ್ಟುಕೊಂಡಿರುವ ನಾನು, ಹಾರ್ವಿ ಎನ್ಸ್, ಅವರ ಹತ್ತಿರ ಏಳನೇ ತರಗತಿಯನ್ನು ಎರಡು ಸಲ ಓದಿದವನು. ಹಾಗಾಗಿ ಅವರನ್ನು ಉಳಿದವರಿಗಿಂತ ಒಂದು ವರ್ಷ ಹೆಚ್ಚಾಗಿಯೇ ಬಲ್ಲೆ.

ಮದುವೆಯಾಗಲಿಲ್ಲ. ಕೇಳಿದವರಿಗೆ, "ಹಗಲೆಲ್ಲ ಮೂವತ್ತು ಮಕ್ಕಳನ್ನ ನೋಡಿ, ಮನೆಗೆ ಹೋಗಿ ಇನ್ನೊಂದು ದೊಡ್ಡ ಮಗುವನ್ನ ನೋಡೋ ಶಕ್ತಿ ನನಗಿಲ್ಲ" ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಎರಡು ವರ್ಷ ತೋಟದಲ್ಲಿ ಸೌತೆಕಾಯಿ ಬೆಳೆದರು, ಉಪ್ಪಿನಕಾಯಿ ಹಾಕಿದರು, ಬೇಸರಪಟ್ಟರು. ಅದೇ ಹೊತ್ತಿಗೆ ನಮ್ಮ ಊರಿನ ಜೂನಿಯರ್ ಐಸ್ ಹಾಕಿ ತಂಡ, ಲಾರ್ಕ್ ಕ್ರೀಕ್ ಬ್ಯಾಜರ್ಸ್, ಪೆನಾಲ್ಟಿ ಬಾಕ್ಸಿನ ಬಾಗಿಲು ನೋಡಿಕೊಳ್ಳಲು ಜನ ಬೇಕೆಂದು ಚರ್ಚಿನ ಬೋರ್ಡಿಗೆ ಚೀಟಿ ಅಂಟಿಸಿತು. ಆಟದಲ್ಲಿ ತಪ್ಪು ಮಾಡಿದ ಹುಡುಗ ಎರಡು ನಿಮಿಷವೋ ಐದು ನಿಮಿಷವೋ ಬಂದು ಕೂರುವ ಗಾಜಿನ ಗೂಡು ಅದು. ಶಿಕ್ಷೆ ಮುಗಿದ ಕ್ಷಣ ಬಾಗಿಲು ತೆಗೆಯಬೇಕು, ಅಷ್ಟೇ ಕೆಲಸ. ಸಂಬಳವಿಲ್ಲ, ಕಾಫಿ ಉಂಟು. ಥೀಸೆನ್ ಮಿಸ್ ಹೋಗಿ, "ತಪ್ಪು ಮಾಡಿದ ಗಂಡು ಹುಡುಗರನ್ನ ಕೂರಿಸಿ ಅಭ್ಯಾಸ ಇದೆ" ಎಂದರು. ಇದಕ್ಕಿಂತ ದೊಡ್ಡ ಅರ್ಹತೆ ಯಾರಲ್ಲೂ ಇರಲಿಲ್ಲ.

ಮೊದಲು ಅವರನ್ನು ನಮ್ಮ ಹುಡುಗರ ಬಾಕ್ಸಿಗೇ ಹಾಕಿದ್ದರು. ಎರಡನೇ ಪಂದ್ಯದಲ್ಲೇ ನಮ್ಮ ಕ್ಯಾಪ್ಟನ್ ಎದುರಾಳಿಯೊಬ್ಬನನ್ನು ಕೋಲಿನಲ್ಲಿ ಹೊಡೆದು ಬಂದು ಕೂತ. ಎರಡು ನಿಮಿಷ ಮುಗಿಯಿತು. ಮಿಸ್ ಬಾಗಿಲು ತೆಗೆಯಲಿಲ್ಲ.

"ಆ ಹುಡುಗನಿಗೆ ಸಾರಿ ಹೇಳ್ತೀನಿ ಅನ್ನು, ತೆಗೀತೀನಿ."

"ಮಿಸ್, ಟೈಮ್ ಆಯ್ತು!"

"ಟೈಮ್ ಆಗಿದ್ದು ನನಗೂ ಕಾಣ್ತದೆ. ನಿನಗೆ ಬುದ್ಧಿ ಬಂದಿದ್ದು ಕಾಣ್ಲಿಲ್ಲ."

ನಲವತ್ತು ಸೆಕೆಂಡು ನಮ್ಮ ತಂಡ ಒಬ್ಬ ಆಟಗಾರನಿಲ್ಲದೆ ಸುಮ್ಮಸುಮ್ಮನೆ ಆಡಿತು. ಅಷ್ಟರಲ್ಲಿ ಒಂದು ಗೋಲು ಬಿತ್ತು. ಮರುದಿನವೇ ಕಮಿಟಿಯವರು ಸೇರಿ, ಇಂಥ ಶಿಸ್ತು ಎದುರಾಳಿಗಳಿಗೇ ಸಲ್ಲಲಿ ಎಂದು ಮಿಸ್ಸನ್ನು ಹೊರಗಿನ ತಂಡದ ಬಾಕ್ಸಿಗೆ ವರ್ಗ ಮಾಡಿದರು. ಆದರೆ ಅಷ್ಟರೊಳಗೆ ಮಿಸ್ ನಿಯಮದ ಪುಸ್ತಕ ತರಿಸಿ ಮೂರು ಸಲ ಓದಿ, ಅದರಲ್ಲಿದ್ದ ಕಾಗುಣಿತದ ತಪ್ಪುಗಳಿಗೆ ಕೆಂಪು ಗೆರೆ ಎಳೆದು ಲೀಗಿನ ಆಫೀಸಿಗೆ ವಾಪಸು ಕಳಿಸಿದ್ದರು. ಅಲ್ಲಿಂದ ಮುಂದೆ ಒಂದು ಸೆಕೆಂಡು ಹೆಚ್ಚಿಲ್ಲ, ಒಂದು ಸೆಕೆಂಡು ಕಮ್ಮಿಯಿಲ್ಲ. ಶಾಲೆಯ ಓಟದ ಸ್ಪರ್ಧೆಗೆ ಬಳಸುತ್ತಿದ್ದ ಹಳೇ ಸ್ಟಾಪ್‌ವಾಚ್ ಕೊರಳಿಗೆ ಹಾಕಿಕೊಂಡು, ಬೂದುಬಣ್ಣದ ಕೋಟು ತೊಟ್ಟು, ಹನ್ನೊಂದು ಚಳಿಗಾಲ ಆ ಬಾಗಿಲು ಕಾದರು. ಯಾರಿಗೂ ಚಪ್ಪಾಳೆ ತಟ್ಟುತ್ತಿರಲಿಲ್ಲ. "ನಾನು ಅಧಿಕಾರಿ" ಎನ್ನುತ್ತಿದ್ದರು.

ಅವರ ಬಾಕ್ಸಿಗೂ, ನಮ್ಮ ಹುಡುಗರ ಬಾಗಿಲು ನೋಡುವ ಎರ್ವಿನ್ ಫ್ರೀಸೆನ್‌ನ ಬಾಕ್ಸಿಗೂ ಮಧ್ಯದ ಗೂಡಿನಲ್ಲಿ ನಾನು ಕೂರುತ್ತಿದ್ದೆ. ಪಂದ್ಯದ ಗಡಿಯಾರ ನನ್ನ ಕೈಯಲ್ಲಿತ್ತು. ಆದ್ದರಿಂದ ಮುಂದೆ ಹೇಳುವುದನ್ನೆಲ್ಲ ಗಾಜಿನ ಪಕ್ಕದಲ್ಲೇ ಕೂತು ನೋಡಿದ್ದೇನೆ. ಒಂದು ಕಡೆ ನೋಡಬೇಕಾದ್ದನ್ನು ನೋಡಲಿಲ್ಲ, ಅದನ್ನೂ ಹೇಳುತ್ತೇನೆ.

ಅವರ ಹನ್ನೊಂದನೇ ಸೀಸನ್ನಿನ ಮೊದಲ ಪಂದ್ಯ ಸೆಪ್ಟೆಂಬರಿನಲ್ಲಿ, ಹಾರ್ಲನ್ ಊರಿನ ಮಸ್ಟ್ಯಾಂಗ್ಸ್ ಮೇಲೆ. ಅವರಲ್ಲಿ ಕೋಲ್ಟನ್ ಡೆರ್ಕಾಚ್ ಎಂಬ ಹದಿನೆಂಟರ ಹುಡುಗನೊಬ್ಬನಿದ್ದ. ಆರಡಿ ಎರಡಂಗುಲ, ಮುಂದಿನ ಹಲ್ಲೊಂದು ಇಲ್ಲ, ಕೋಣದ ಹಾಗೆ ನುಗ್ಗುವ ಜಾತಿ. ಮೊದಲ ಪಂದ್ಯದಲ್ಲೇ ಐದು ಸಲ ಮಿಸ್ಸಿನ ಬಾಕ್ಸಿಗೆ ಬಂದ. ಮೊದಲನೇ ಸಲ ಬಂದವನು ಬಾಯಿಗೆ ಬಂದದ್ದೆಲ್ಲ ಬೈಯುತ್ತಾ ದಢಾರೆಂದು ಕೂತ.

"ಬಾಗ್ಲು ಹಾಕು. ಹಾಗೇ ಬಾಯಿನೂ ಹಾಕು," ಎಂದರು ಮಿಸ್, ಹೆಣಿಗೆಯಿಂದ ಕಣ್ಣೆತ್ತದೆ.

ಹುಡುಗ ತಿರುಗಿ ನೋಡಿದ. ಇಂಥ ಜಾಗದಲ್ಲಿ ಉಲ್ಲನ್ ಕಾಲುಚೀಲ ಹೆಣೆಯುವ ಅಜ್ಜಿಯನ್ನು ಅವನು ನಿರೀಕ್ಷಿಸಿರಲಿಲ್ಲ.

"ನೀವ್ಯಾರು?"

"ನಾನು ಬಾಗ್ಲು. ಕೂತ್ಕೋ."

ಐದನೇ ಸಲ ಬಂದಾಗ, "ನಿನ್ನ ಹೆಸರು ಬರೆಸಿ ಇಲ್ಲೊಂದು ಕುರ್ಚಿ ಹಾಕಿಸ್ಲೇನಪ್ಪಾ?" ಎಂದು ಕೇಳಿದರು. ಅವನಿಗೆ ನಗು ಬಂತು. ಹಲ್ಲಿಲ್ಲದ್ದು ಕಂಡೀತೆಂದು ಗ್ಲೌಸು ಅಡ್ಡ ಹಿಡಿದ.

ಕ್ರಿಸ್‌ಮಸ್ಸಿನೊಳಗೆ ಹಾರ್ಲನ್ ತಂಡ ಇನ್ನೂ ಮೂರು ಸಲ ನಮ್ಮಲ್ಲಿಗೆ ಬಂತು. ಪ್ರತಿ ಸಲವೂ ಕೋಲ್ಟನ್ ಬಾಕ್ಸಿಗೆ ಬಂದೇ ಬಂದ, ಪ್ರತಿ ಸಲವೂ ಮಿಸ್ ಅವನಿಂದ ಒಂದಿಷ್ಟು ಸಂಗತಿ ಹೊರಡಿಸಿದರು. ತಂದೆ ದೂರದೂರಿಗೆ ಲಾರಿ ಓಡಿಸುತ್ತಾನೆ. ತಾಯಿ ಡಾರ್ಲೀನ್ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಹನ್ನೆರಡನೇ ತರಗತಿಯ ಲೆಕ್ಕ ಒಂದು ಪಾಸಾಗಿಲ್ಲ, ಅದೊಂದಕ್ಕಾಗಿ ಶಾಲೆಯ ಸರ್ಟಿಫಿಕೇಟು ಸಿಕ್ಕಿಲ್ಲ.

"ಲೆಕ್ಕ ನನ್ನ ತಲೆಗೆ ಹತ್ತಲ್ಲ ಮಿಸ್."

"ತಲೆಗೆ ಹತ್ತೋಕೆ ತಲೆ ಒಂದು ಕಡೆ ನಿಲ್ಲಬೇಕಲ್ಲ. ಈಗ ಎರಡು ನಿಮಿಷ ನಿಲ್ತದೆ. ಹಿಡಿ."

ಕೋಟಿನ ಜೇಬಿನಿಂದ ಒಂದು ಚೀಟಿ, ಒಂದು ಮೋಟು ಪೆನ್ಸಿಲು ತೆಗೆದುಕೊಟ್ಟರು. ಎಕ್ಸ್ ಎಷ್ಟು ಎಂದು ಕಂಡುಹಿಡಿಯುವ ಲೆಕ್ಕ. ಹುಡುಗ ಗ್ಲೌಸು ಬಿಚ್ಚಿ ಮೊಣಕಾಲಿನ ಮೇಲೆ ಚೀಟಿ ಇಟ್ಟು ಗೀಚಿದ. ಬಾಗಿಲು ತೆಗೆಯುವ ಹೊತ್ತಿಗೆ ಉತ್ತರ ಸಿಕ್ಕಿರಲಿಲ್ಲ. ಡಿಸೆಂಬರಿನ ಪಂದ್ಯದಲ್ಲಿ ಅವನು ರೆಫರಿಯೊಂದಿಗೆ ವಾದಕ್ಕಿಳಿದು ಹತ್ತು ನಿಮಿಷದ ಶಿಕ್ಷೆ ತೆಗೆದುಕೊಂಡ. ಬಂದು ಕೂತವನೇ ಕೈ ಚಾಚಿದ. ಹತ್ತು ನಿಮಿಷದಲ್ಲಿ ಮೂರು ಲೆಕ್ಕ ಮುಗಿಸಿದ, ಎರಡು ಸರಿಯಿದ್ದವು. ಎರ್ವಿನ್ ನನ್ನ ಗಾಜು ಬಡಿದು, "ನೋಡ್ತಾ ಇರು ಹಾರ್ವಿ, ಈ ಹುಡುಗ ಟ್ಯೂಷನ್ನಿಗೇ ಅಂತ ಜನರನ್ನ ಬೀಳಿಸ್ತಿದ್ದಾನೆ," ಎಂದ.

ಜನವರಿಯಲ್ಲಿ ಆಟಗಾರರನ್ನು ಅದಲುಬದಲು ಮಾಡುವ ಕೊನೆಯ ದಿನ ನಮ್ಮ ಕ್ಲಬ್ಬಿನ ಅಧ್ಯಕ್ಷ ಡಾರ್ಸಿ ವೀಬೆ ಒಂದು ವ್ಯಾಪಾರ ಕುದುರಿಸಿದ. ನಮ್ಮ ಎರಡನೇ ಗೋಲ್‌ಕೀಪರ್, ಅವನ ಜೊತೆಗೆ ಸ್ಕೇಟು ಹರಿತ ಮಾಡುವ ಹಳೇ ಮೆಷಿನ್ನೊಂದು ಹಾರ್ಲನ್ನಿಗೆ. ಕೋಲ್ಟನ್ ಡೆರ್ಕಾಚ್ ನಮಗೆ. ಊರಲ್ಲಿ ಎರಡು ದಿನ ಗೋಲ್‌ಕೀಪರನಿಗಿಂತ ಮೆಷಿನ್ನಿಗಾಗಿಯೇ ಹೆಚ್ಚು ಜನ ಮರುಗಿದರು.

ಹೊರಗಿನಿಂದ ಬಂದ ಆಟಗಾರ ಊರಿನ ಯಾರದಾದರೂ ಮನೆಯಲ್ಲಿ ಇರುವುದು ವಾಡಿಕೆ. ಅವನಿಗೆ ಗೊತ್ತುಮಾಡಿದ್ದ ಮನೆಯಲ್ಲಿ ಅದೇ ವಾರ, ಮೈನಸ್ ಮೂವತ್ತೆಂಟರ ಚಳಿಯಲ್ಲಿ, ನೀರಿನ ಪೈಪು ಒಡೆದು ನೆಲಮಾಳಿಗೆಯೆಲ್ಲ ಮಂಜುಗಡ್ಡೆಯಾಯಿತು. ಡಾರ್ಸಿ ಟೋಪಿ ಕೈಯಲ್ಲಿ ಹಿಡಿದು ಮಿಸ್ಸಿನ ಬಾಗಿಲಿಗೆ ಹೋದ. ಜೊತೆಗೆ ಧೈರ್ಯಕ್ಕೆ ನನ್ನನ್ನೂ ಕರೆದೊಯ್ದ.

"ಎರಡೇ ವಾರ, ಮಿಸ್. ಪೈಪು ಸರಿಯಾಗೋ ತನಕ."

"ಡಾರ್ಸಿ, ನೀನು ಏಳನೇ ತರಗತೀಲಿ 'ಎರಡೇ ದಿನ' ಅಂತ ತಗೊಂಡು ಹೋದ ಭೂಪಟ ಎಲ್ಲಿ?"

ಡಾರ್ಸಿಗೆ ಐವತ್ತೆರಡು ವರ್ಷ. ಕಿವಿಯ ತನಕ ಕೆಂಪಾದ. "ಹುಡುಕ್ತೀನಿ ಮಿಸ್," ಎಂದ.

"ಹುಡುಗನ್ನ ಕಳ್ಸು. ಶೂ ಹೊರಗೆ ಬಿಡಬೇಕು ಅಂತ ಮೊದಲೇ ಹೇಳಿರು."

ಹೀಗೆ ಕೋಲ್ಟನ್ ಅವರ ಮನೆ ಸೇರಿದ. ಒಂಟಿ ಹೆಂಗಸಿನ ಫ್ರಿಜ್ಜು; ವಾರಕ್ಕೊಂದು ಲೀಟರ್ ಹಾಲು, ಆರು ಮೊಟ್ಟೆ ಇರುತ್ತಿದ್ದ ಜಾಗ. ಮೊದಲ ಬೆಳಗ್ಗೆಯೇ ಹುಡುಗ ಆರೂ ಮೊಟ್ಟೆ, ಮೂರು ದಿನಕ್ಕೆಂದು ಮಾಡಿಟ್ಟಿದ್ದ ಜ್ವೀಬಕ್, ಅಂದರೆ ತಲೆಯ ಮೇಲೆ ತಲೆ ಕೂತಂಥ ನಮ್ಮ ಜೋಡಿ ಬನ್ನು, ಹದಿನಾಲ್ಕು ತಿಂದು, "ತಿಂಡಿ ಯಾವಾಗ ಮಿಸ್?" ಎಂದನಂತೆ. ಮಿಸ್ ಆ ಮಧ್ಯಾಹ್ನ ಅಂಗಡಿಗೆ ಹೋಗಿ ಹತ್ತು ಕಿಲೋ ಹಿಟ್ಟು ಕೊಂಡರು. ಕೌಂಟರಿನವಳು, "ಏನ್ ಮಿಸ್, ಚರ್ಚಿನ ಊಟಾನಾ?" ಎಂದು ಕೇಳಿದರೆ, "ಅಲ್ಲ, ಒಬ್ಬ ಎಡಗಡೆ ಆಡೋನು," ಎಂದರು.

ಫ್ರಿಜ್ಜಿನ ಮೇಲೆ ಹನ್ನೆರಡು ನಿಯಮ ಬರೆದು ಅಂಟಿಸಿದರು. ತಿಂದ ತಟ್ಟೆ ತಾನೇ ತೊಳೆಯಬೇಕು. ಒದ್ದೆ ಸಾಕ್ಸು ಹೀಟರಿನ ಮೇಲೆ ಹಾಕಬಾರದು. ಬೆಕ್ಕಿಗೆ ಸಾಸೇಜು ಕೊಡಬಾರದು. ಸಂಜೆ ಏಳರಿಂದ ಎಂಟೂವರೆ ಲೆಕ್ಕ. ಪ್ರಾಕ್ಟೀಸು ಇದ್ದರೆ ಬೆಳಗ್ಗೆ ಆರಕ್ಕೆ ಲೆಕ್ಕ. ಬೆಕ್ಕಿನ ನಿಯಮವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹುಡುಗ ಪಾಲಿಸಿದ. ಬೆಕ್ಕು ಎರಡು ತಿಂಗಳಲ್ಲಿ ಪೀಪಾಯಿಯಂತಾಯಿತು. ಎರಡು ವಾರದಲ್ಲಿ ಆ ಇನ್ನೊಂದು ಮನೆಯ ಪೈಪು ಸರಿಹೋಯಿತು. ಡಾರ್ಸಿ ಫೋನು ಮಾಡಿದಾಗ ಮಿಸ್, "ಈಗ ತಾನೇ ವರ್ಗ ಸಮೀಕರಣ ಶುರುವಾಗಿದೆ, ಮಧ್ಯದಲ್ಲಿ ಮನೆ ಬದಲಾಯಿಸಿದ್ರೆ ಮರೆತುಹೋಗ್ತಾನೆ," ಎಂದರು. ಭೂಪಟದ ಮಾತು ಮತ್ತೆ ಬಂದೀತೆಂದು ಡಾರ್ಸಿ ಚಕಾರ ಎತ್ತಲಿಲ್ಲ.

ಕೋಲ್ಟನ್ ಈಗ ನಮ್ಮವನಾದ್ದರಿಂದ ತಪ್ಪು ಮಾಡಿದರೆ ಎರ್ವಿನ್‌ನ ಬಾಕ್ಸಿಗೆ ಬರುತ್ತಿದ್ದ. ಇದು ಮಿಸ್ಸಿಗೆ ದೊಡ್ಡ ಇಕ್ಕಟ್ಟಾಯಿತು. ಎರಡು ಗಾಜು, ಮಧ್ಯದಲ್ಲಿ ನಾನು. ಆದರೂ ಬಿಡುತ್ತಿರಲಿಲ್ಲ.

"ಹಾರ್ವಿ, ಅವನನ್ನ ಕೇಳು, ಕುತ್ತಿಗೆಗೆ ಮಫ್ಲರ್ ಸುತ್ಕೊಂಡು ಬಂದಿದ್ನಾ ಅಂತ."

ನಾನು ಆ ಕಡೆ ತಿರುಗಿ, "ಮಫ್ಲರ್ ತಂದಿದ್ಯಾ ಅಂತ ಕೇಳ್ತಿದ್ದಾರೆ."

"ಕಾರಲ್ಲಿದೆ ಅನ್ನಿ."

ನಾನು ಈ ಕಡೆ ತಿರುಗಿ, "ಕಾರಲ್ಲಿದೆಯಂತೆ."

"ಕಾರಿಗೆ ಶೀತ ಆಗಿತ್ತಾ ಕೇಳು."

ಇಷ್ಟಾದರೂ ಅವನು ಗೋಲು ಹೊಡೆದಾಗ ಮಿಸ್ ಚಪ್ಪಾಳೆ ತಟ್ಟುತ್ತಿರಲಿಲ್ಲ. ಹೆಣಿಗೆಯ ಕಡ್ಡಿ ಮಾತ್ರ ನಿಲ್ಲುತ್ತಿತ್ತು. ಒಂದು ಸಲ ಮನೆಗೆ ಹೋಗಿ ನೋಡಿದರೆ ಕಾಲುಚೀಲದಲ್ಲಿ ಹದಿನೇಳು ಕುಣಿಕೆ ಬಿಟ್ಟುಹೋಗಿತ್ತಂತೆ. ಹೊರಗಿನ ಊರಿನ ಪಂದ್ಯಗಳಿಗೆ ರೇಡಿಯೋ ಹಾಕುವುದನ್ನೂ ಶುರುಮಾಡಿದರು. ಕೆಫೆಯಲ್ಲಿ ಬೆಳಗಿನ ಕಾಫಿಗೆ ಕೂತ ನಾವು, "ಏನ್ ಮಿಸ್, ನಿನ್ನೆ ಎರಡನೇ ಗೋಲು ಕೇಳಿದ್ರಾ?" ಎಂದರೆ, "ನಾನು ಹವಾಮಾನ ವರದಿಗೆ ಹಾಕಿದ್ದೆ," ಎನ್ನುತ್ತಿದ್ದರು. ಎರಡೂವರೆ ತಾಸಿನ ಹವಾಮಾನ.

ಕೋಲ್ಟನ್ ಬಂದ ಮೇಲೆ ನಮ್ಮ ತಂಡಕ್ಕೆ ಕಳೆ ಬಂತು. ಆರು ವರ್ಷದ ಮೇಲೆ ಮೊದಲ ಸಲ ಸೆಮಿಫೈನಲ್ ಮುಟ್ಟಿದೆವು. ಎದುರಾಳಿ, ಬೇರೆ ಯಾರು, ಹಾರ್ಲನ್ನೇ. ಏಳು ಪಂದ್ಯಗಳ ಸರಣಿ ಮೂರು ಮೂರು ಆಯಿತು. ಏಳನೆಯದು ಮಾರ್ಚ್ ಇಪ್ಪತ್ತೊಂದರ ಶನಿವಾರ, ನಮ್ಮ ರಿಂಕಿನಲ್ಲಿ, ಅಂದರೆ ಐಸಿನ ಅಂಗಳದಲ್ಲಿ. ಊರಿನ ಜನಸಂಖ್ಯೆ ಸಾವಿರದ ನೂರು. ಒಳಗೆ ಸಾವಿರದ ಮುನ್ನೂರು ಜನ ಇದ್ದರು. ಹೇಗೆಂದು ಕೇಳಬೇಡಿ, ಹಸುಗಳನ್ನೂ ಕರೆತಂದಿದ್ದರೇನೋ.

ಮೂರನೇ ಅವಧಿ ಮುಗಿಯಲು ನಲವತ್ತೆಂಟು ಸೆಕೆಂಡು ಉಳಿದಿದ್ದಾಗ ಎರಡೆರಡು ಗೋಲು, ಸಮ. ಆಗ ಹಾರ್ಲನ್ನಿನವನೊಬ್ಬ ನಮ್ಮ ಹುಡುಗನ ಕಾಲೆಳೆದು ಬೀಳಿಸಿ ಮಿಸ್ಸಿನ ಬಾಕ್ಸಿಗೆ ಬಂದ. ಇನ್ನು ಅವರು ನಾಲ್ವರು, ನಾವು ಐವರು. ರಿಂಕಿನ ತಗಡಿನ ಮಾಡು ಹಾರಿಹೋಗುವಂಥ ಗದ್ದಲ. ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಎದೆ ಹೊಡೆದುಕೊಂಡಾಗ ನನಗೆ ಸೂರ್ಯಕಾಂತಿ ಬೀಜ ಬೇಕು. ಪಕ್, ಅಂದರೆ ಆಟದ ರಬ್ಬರು ಬಿಲ್ಲೆ, ಐಸಿಗೆ ಬಿದ್ದ ಕ್ಷಣ ನಾನು ಗಡಿಯಾರದ ಸ್ವಿಚ್ಚು ಒತ್ತಬೇಕು. ರೆಫರಿ ಅದನ್ನು ಬಿಡಲು ಬಗ್ಗಿದಾಗ ನಾನು ಹೊಸ ಪ್ಯಾಕೆಟ್ಟು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದೆ. ಅದು ಹರಿಯಲಿಲ್ಲ. ಆಮೇಲೆ ಒಮ್ಮೆಲೇ ಹರಿದು ಬೀಜವೆಲ್ಲ ಮಡಿಲಿಗೆ ಚೆಲ್ಲಿತು. ಕೊಡವಿಕೊಂಡು ತಲೆ ಎತ್ತಿದರೆ ಆಟ ನಡೆಯುತ್ತಿದೆ, ಬೋರ್ಡಿನ ಮೇಲೆ ನಲವತ್ತೆಂಟೇ ನಿಂತಿದೆ. ಸ್ವಿಚ್ಚು ಒತ್ತಿದೆ. ಯಾರೂ ನೋಡಲಿಲ್ಲ ಅಂದುಕೊಂಡೆ.

ಕೊನೆಯ ಗಳಿಗೆಯಲ್ಲಿ ಪಕ್ ಕೋಲ್ಟನ್‌ನ ಕೋಲಿಗೆ ಸಿಕ್ಕಿತು. ಹಾರ್ಲನ್ನಿನ ಇಬ್ಬರನ್ನು ಹೆಗಲಲ್ಲಿ ತಳ್ಳಿ ನುಗ್ಗಿದ. ಯಾವಾಗಲೂ ಹಾಗೆ ನುಗ್ಗಿ ಎಲ್ಲರ ಮೇಲೂ ಬೀಳುವವನು, ಅವತ್ತು ತಟ್ಟನೆ ನಿಂತು, ಗೋಲ್‌ಕೀಪರ್ ಕೆಳಗೆ ಕೂರುವ ತನಕ ಕಾದು, ಪಕ್ಕನ್ನು ಮೆಲ್ಲಗೆ ಮೇಲಿನ ಮೂಲೆಗೆ ಎತ್ತಿ ಇಟ್ಟ. ಕೆಂಪು ದೀಪ ಹತ್ತಿತು. ಬೋರ್ಡಿನ ಮೇಲೆ ಎರಡು ಸೆಕೆಂಡು ಉಳಿದಿತ್ತು. ಜನ ಟೋಪಿ ಎಸೆದರು, ಮೇಯರ್ ಎರ್ವಿನ್‌ನ ಹೆಂಡತಿಯನ್ನು ತಬ್ಬಿಕೊಂಡರು, ಪಾದ್ರಿಗಳು ಉಪದೇಶದಲ್ಲಿ ಎಂದೂ ಬಳಸದ ಶಬ್ದವೊಂದನ್ನು ಕೂಗಿದರು.

ಆಗ ನನ್ನ ಎಡಗಡೆಯ ಗಾಜು ಟಕಟಕ ಎಂದಿತು. ನನಗಲ್ಲ. ಮಿಸ್ ಹೆಣಿಗೆಯ ಕಡ್ಡಿಯಿಂದ ಐಸಿನ ಕಡೆಯ ಗಾಜು ಬಡಿದು ರೆಫರಿಯನ್ನು ಕರೆಯುತ್ತಿದ್ದರು. ಬೇರೆ ಊರಿನ ಎಳೇ ವಯಸ್ಸಿನ ರೆಫರಿ. ಜಾರಿಕೊಂಡು ಬಂದ.

"ಗಡಿಯಾರ ತಡವಾಗಿ ಶುರುವಾಯ್ತು," ಎಂದರು ಮಿಸ್. "ನೀವು ಪಕ್ ಬಿಟ್ಟಾಗ ನಾನು ಇದನ್ನ ಒತ್ತಿದೀನಿ, ಈ ಹುಡುಗನ ಎರಡು ನಿಮಿಷಕ್ಕೆ ಅಂತ. ನೀವು ಸೀಟಿ ಊದಿದಾಗ ನಿಲ್ಲಿಸಿದೀನಿ. ಐವತ್ತಮೂರು ಸೆಕೆಂಡು. ಉಳಿದಿದ್ದು ನಲವತ್ತೆಂಟು."

ರೆಫರಿ ಸ್ಟಾಪ್‌ವಾಚ್ ನೋಡಿದ, ಬೋರ್ಡು ನೋಡಿದ, ನನ್ನನ್ನು ನೋಡಿದ.

"ಏನ್ರೀ, ತಡವಾಗಿ ಒತ್ತಿದ್ರಾ?"

ಸಾವಿರದ ಮುನ್ನೂರು ಜನ ಕುಣಿಯುತ್ತಿದ್ದಾರೆ. ಇಲ್ಲ ಎಂದರೆ ಮುಗಿಯಿತು. ಹಳೇ ಮುದುಕಿಯ ಹಳೇ ವಾಚು, ಯಾರು ನಂಬುತ್ತಾರೆ? ಬಾಯಿ ತೆಗೆದೆ. ಅಷ್ಟರಲ್ಲಿ ಮಿಸ್ಸಿನ ಕಡೆ ಕಣ್ಣು ಹೋಯಿತು. ಅವರು ಕೋಪದಿಂದ ನೋಡಲಿಲ್ಲ. ಉತ್ತರ ಗೊತ್ತಿರುವ ಹುಡುಗ ಕೈ ಎತ್ತಲಿ ಎಂದು ಕಾಯುವಾಗ ಟೀಚರುಗಳು ನೋಡುತ್ತಾರಲ್ಲ, ಹಾಗೆ ನೋಡಿದರು.

"ಹೌದು," ಎಂದೆ. "ಏಳು ಸೆಕೆಂಡು ಆಗಿರಬೋದು." ಮಡಿಲ ತುಂಬ ಬೀಜ ಸಾಕ್ಷಿ ಹೇಳುತ್ತಿತ್ತು.

ರೆಫರಿ ಎರಡೂ ಕೈ ಅಡ್ಡಡ್ಡ ಬೀಸಿದ. ಗೋಲು ಇಲ್ಲ. ಆಮೇಲೆ ಎದ್ದ ಕೂಗಿನ ಬಗ್ಗೆ ಹೇಳದಿರುವುದೇ ವಾಸಿ. ಕೋಲ್ಟನ್ ಜಾರಿಕೊಂಡು ಬಂದು ಮಿಸ್ಸಿನ ಗಾಜಿನೆದುರು ನಿಂತ.

"ಮಿಸ್..." ಎಂದ. ಅಷ್ಟೇ.

ಮಿಸ್ ಸ್ಟಾಪ್‌ವಾಚನ್ನು ಕೋಟಿನೊಳಗೆ ತೂರಿಸಿ, "ಹೋಗು, ಆಟ ಇನ್ನೂ ಮುಗಿದಿಲ್ಲ," ಎಂದರು.

ಹೆಚ್ಚುವರಿ ಅವಧಿಯಲ್ಲಿ ಮೊದಲ ಗೋಲಿಗೇ ಆಟ ಮುಗಿಯುತ್ತದೆ. ಅದರ ಹನ್ನೊಂದನೇ ನಿಮಿಷದಲ್ಲಿ ಹಾರ್ಲನ್ನಿನವನೊಬ್ಬ ಸುಮ್ಮನೆ ತಳ್ಳಿದ ಪಕ್ಕು ನಮ್ಮವನದೇ ಸ್ಕೇಟಿಗೆ ಬಡಿದು ಒಳಗೆ ಹೋಯಿತು. ಸೀಸನ್ನು ಮುಗಿಯಿತು.

ಮರುದಿನ ಬೆಳಗಿನ ಮಾತು ಕೋಲ್ಟನ್ನೇ ನನಗೆ ಆಮೇಲೆ ಹೇಳಿದ್ದು. ಇಳಿದು ಬಂದಾಗ ಮಿಸ್ ಸಾಸೇಜು ಹುರಿಯುತ್ತಿದ್ದರಂತೆ.

"ನೀವು ಸುಮ್ನೆ ಇದ್ದಿದ್ರೆ ಯಾರೂ ಕೇಳ್ತಿರ್ಲಿಲ್ಲ ಮಿಸ್."

"ಯಾರೂ ಕೇಳಲ್ಲ ಅಂತಾನೇ ಹೇಳಬೇಕಾಯ್ತು."

"ನನ್ನ ಗೋಲು ಅದು."

"ಗೊತ್ತು. ಬೇರೆಯವನದಾಗಿದ್ರೆ ಗಾಜು ಬಡಿಯೋಕೆ ಇಷ್ಟು ಕಷ್ಟ ಆಗ್ತಿರ್ಲಿಲ್ಲ."

ಹುಡುಗ ತಟ್ಟೆಯಲ್ಲಿದ್ದದ್ದನ್ನು ಫೋರ್ಕಿನಿಂದ ಅತ್ತಿತ್ತ ದೂಡಿದ. ಅವನು ತಟ್ಟೆ ಮುಂದಿಟ್ಟುಕೊಂಡು ತಿನ್ನದೆ ಕೂತದ್ದು ಆ ಮನೆಯಲ್ಲಿ ಅದೇ ಮೊದಲು. ಆಮೇಲೆ ಕೇಳಿದ:

"ಗೋಲು ಚೆನ್ನಾಗಿತ್ತಾ?"

"ಹನ್ನೊಂದು ವರ್ಷದಲ್ಲಿ ಅಂಥದ್ದನ್ನ ನೋಡಿಲ್ಲಪ್ಪಾ," ಎಂದರಂತೆ ಮಿಸ್. "ನೀನು ನಿಂತು ಕಾದೆಯಲ್ಲ, ಆ ಒಂದು ಗಳಿಗೆ... ಬಹಳ ಚೆನ್ನಾಗಿತ್ತು." ಹೇಳಿ ಸಿಂಕಿನ ಕಡೆ ತಿರುಗಿ, ತೊಳೆಯಲು ಏನೂ ಇಲ್ಲದಿದ್ದರೂ ನಲ್ಲಿ ಬಿಟ್ಟುಕೊಂಡು ನಿಂತರಂತೆ. ಕೋಲ್ಟನ್ ನಾಲ್ಕು ಸಾಸೇಜು ತಿಂದ. ಒಂದು ಬೆಕ್ಕಿಗೆ ಹಾಕಿದ. ಅವತ್ತು ಮಿಸ್ ಅದನ್ನು ನೋಡಿಯೂ ನೋಡದ ಹಾಗಿದ್ದರು.

ಊರು ಅಷ್ಟು ಬೇಗ ರಾಜಿಯಾಗಲಿಲ್ಲ. ಕೆಫೆಗೆ ಮಿಸ್ ಬಂದರೆ ಮಾತು ನಿಂತು ಎಲ್ಲರೂ ಚಮಚದಿಂದ ಕಾಫಿ ಕಲಕುತ್ತಿದ್ದರು, ಸಕ್ಕರೆ ಹಾಕದವರು ಕೂಡ. ದಾಲ್ಚಿನ್ನಿ ಬನ್ನು ಅವರ ಸರದಿ ಬರುವಷ್ಟರಲ್ಲಿ ಖಾಲಿಯಾಗುತ್ತಿತ್ತು. ಮಿಸ್ ಬೆನ್ನು ನೆಟ್ಟಗೆ ಮಾಡಿಕೊಂಡು ಬರೀ ಕಾಫಿ ಕುಡಿದು ಹೋಗುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಶಿಕ್ಷೆ ಬೇರೆ ಥರ. ಟಯರ್ ಬದಲಾಯಿಸಲು ಬಂದವರೆಲ್ಲ ಹೋಗುವಾಗ ಕೌಂಟರಿನ ಮೇಲೆ ಒಂದು ಪ್ಯಾಕೆಟ್ಟು ಸೂರ್ಯಕಾಂತಿ ಬೀಜ ಇಟ್ಟು ಹೋಗುತ್ತಿದ್ದರು. ಏಪ್ರಿಲ್ ಮುಗಿಯುವಷ್ಟರಲ್ಲಿ ಮೂವತ್ತೊಂದು ಪ್ಯಾಕೆಟ್ಟಾಗಿತ್ತು. ಒಂದರ ಮೇಲೆ ಯಾರೋ 'ಇಲ್ಲಿ ಹರಿಯಿರಿ' ಎಂದು ಬಾಣದ ಗುರುತು ಬೇರೆ ಹಾಕಿದ್ದರು.

ಮೇ ತಿಂಗಳ ಮೊದಲ ವಾರ ಕ್ಲಬ್ಬಿನ ವಾರ್ಷಿಕ ಸಭೆ. ಬಾಗಿಲು ಕಾಯುವವರನ್ನು ಬದಲಾಯಿಸಬೇಕು ಎಂದು ಯಾರೋ ಠರಾವು ತಂದಿದ್ದರು. ಮಿಸ್ ಬಂದು ಮೊದಲ ಸಾಲಿನಲ್ಲೇ ಕೂತು ಹೆಣಿಗೆ ತೆಗೆದರು. ಡಾರ್ಸಿ ಠರಾವು ಓದುವಾಗ ಅವನ ಧ್ವನಿ ಹನ್ನೆರಡು ವರ್ಷದ ಹುಡುಗನ ಧ್ವನಿಯಾಗಿತ್ತು. ನಾನು ಎದ್ದು, "ತಪ್ಪು ನನ್ನದು, ಬದಲಾಯಿಸೋದಾದ್ರೆ ನನ್ನನ್ನ ಬದಲಾಯಿಸಿ," ಎಂದೆ. "ಅದು ಆಗ್ಲೇ ಮಾಡಿಯಾಯ್ತು ಕೂತ್ಕೋ," ಎಂದರು ಯಾರೋ ಹಿಂದಿನಿಂದ.

ಎರ್ವಿನ್ ಎದ್ದ. ಹೆಚ್ಚು ಮಾತಾಡದ ಮನುಷ್ಯ. "ಸರಿ, ಮಿಸ್ ಬೇಡ. ಮುಂದಿನ ವರ್ಷ ಆ ಬಾಕ್ಸಲ್ಲಿ ಯಾರು ಕೂರ್ತೀರಿ? ಮೈನಸ್ ಇಪ್ಪತ್ತು ಇರ್ತದೆ. ಎದುರಾಳಿ ಹುಡುಗ್ರು ಬೆವರು ನಾತ ಹೊಡೀತಾರೆ, ಉಗೀತಾರೆ. ಮೂವತ್ತು ಪಂದ್ಯ. ಕೈ ಎತ್ತಿ."

ಎಲ್ಲರೂ ನೆಲ ನೋಡಿದರು. ಠರಾವು ತಂದವನು ಜೇಬಿನಲ್ಲಿ ಏನನ್ನೋ ಹುಡುಕತೊಡಗಿದ. ಬಹಳ ಹೊತ್ತು ಕಾದ ಮೇಲೆ ಮಿಸ್ ಕೈ ಎತ್ತಿದರು.

"ನಾನು ಕೂರ್ತೀನಿ. ಆದ್ರೆ ಬೆಂಚಿನ ಕೆಳಗೆ ಒಂದು ಹೀಟರ್ ಬೇಕು ಅಂತ ಆರು ವರ್ಷದಿಂದ ಕೇಳ್ತಿದೀನಿ."

ನಾಚಿಕೆಗೋ ಹೆದರಿಕೆಗೋ, ಹೀಟರು ಸರ್ವಾನುಮತದಿಂದ ಪಾಸಾಯಿತು. ನನ್ನನ್ನು ಲಾಟರಿ ಚೀಟಿ ಮಾರಲು ಹಾಕಿದರು. ಅದರಲ್ಲಿ ಸೆಕೆಂಡಿನ ಲೆಕ್ಕವಿಲ್ಲ.

ಆಟವಿಲ್ಲದಿದ್ದರೂ ಕೋಲ್ಟನ್ ಜೂನ್ ಕೊನೆಯ ತನಕ ಮಿಸ್ಸಿನ ಮನೆಯಲ್ಲೇ ಇದ್ದು ಲೆಕ್ಕದ ಪರೀಕ್ಷೆ ಬರೆದ. ಪರೀಕ್ಷೆ ಮುಗಿದ ದಿನ ತಾಯಿ ಡಾರ್ಲೀನ್ ಅವನನ್ನು ಕರೆದೊಯ್ಯಲು ಪಿಕಪ್ಪಿನಲ್ಲಿ ಬಂದಳು. ಮಿಸ್ಸಿನ ಕಾರಿಗೆ ಬೇಸಿಗೆಯ ಟಯರು ಹಾಕುತ್ತಾ ನಾನು ಅಲ್ಲೇ ಅಂಗಳದಲ್ಲಿದ್ದೆ. ಗಟ್ಟಿಮುಟ್ಟಾದ ಹೆಂಗಸು. ಕೈಯಲ್ಲಿ ತಾನೇ ಮಾಡಿದ ಪೆರೋಗಿಯ, ಅಂದರೆ ಆಲೂಗಡ್ಡೆ ಹೂರಣದ ಕಡುಬಿನ, ದೊಡ್ಡ ಚೀಲ. ಅಡುಗೆಮನೆಯ ಕಿಟಕಿ ತೆರೆದಿತ್ತು.

"ಇವನು ಇಲ್ಲಿ ಪಾತ್ರೆ ತೊಳೀತಾನೆ ಅಂದ. ನಿಜ ಹೇಳಿ ಅಕ್ಕಾ, ಸುಳ್ಳಲ್ವಾ?"

"ದಿನಾ ತೊಳೀತಾನೆ."

"ಅಯ್ಯೋ ದೇವ್ರೇ. ಹದಿನೆಂಟು ವರ್ಷ ಸಾಕಿದೀನಿ, ಒಂದು ಲೋಟ ಎತ್ತಿಟ್ಟವನಲ್ಲ. ಏನ್ ಮಾಡಿದ್ರಿ?"

"ಬರೆದು ಅಂಟಿಸಿದೆ."

ಆಮೇಲೆ ಡಾರ್ಲೀನಳ ಧ್ವನಿ ಇಳಿಯಿತು. "ಆ ಗೋಲಿನ ದಿನ ನಾನು ಮೇಲ್ಗಡೆ ಕೂತಿದ್ದೆ. ನಿಮ್ಮನ್ನ ಬಾಯಿತುಂಬ ಬೈದೆ. ಹೇಳಿಬಿಡ್ತೀನಿ, ಮನಸ್ಸಲ್ಲಿ ಇಟ್ಕೊಳ್ಳೋದು ಬೇಡ."

"ಸಾವಿರದ ಮುನ್ನೂರು ಜನ ಬೈದ್ರು. ನಿಮ್ಮದು ಬೇರೆಯಾಗಿ ಕೇಳಿಸ್ಲಿಲ್ಲ. ಪೆರೋಗಿಗೆ ಈರುಳ್ಳಿ ಬೆಣ್ಣೇಲಿ ಹುರೀತೀರೋ, ಬೇಕನ್ ಕೊಬ್ಬಲ್ಲೋ?"

ಅಲ್ಲಿಂದ ಮುಂದೆ ಒಂದು ತಾಸು ಈರುಳ್ಳಿಯ ಮಾತೇ. ಹುಡುಗ ಹೊರಗೆ ಪಿಕಪ್ಪಿನಲ್ಲಿ ಬ್ಯಾಗು ತುಂಬಿಸಿ, ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಾ ಕೂತಿದ್ದ. "ಹಾರ್ವಿ, ಇಬ್ಬರೂ ಬೈದಾಡ್ತಿದ್ದಾರಾ?" ಎಂದು ಕೇಳಿದ. "ಇಲ್ಲಪ್ಪಾ," ಎಂದೆ, "ಒಂದಾಗಿದ್ದಾರೆ. ನಿನ್ನ ಕಥೆ ಮುಗೀತು."

ಜುಲೈ ನಡುವಿನಲ್ಲಿ ಫಲಿತಾಂಶ ಬಂತು. ಅರವತ್ತೊಂದು ಅಂಕ, ಪಾಸು. ಮಿಸ್ ಫೋನಿನಲ್ಲಿ ಉಳಿದ ಮೂವತ್ತೊಂಬತ್ತು ಎಲ್ಲಿ ಹೋಯಿತೆಂದು ಅವನನ್ನು ಅರ್ಧ ತಾಸು ವಿಚಾರಿಸಿದರಂತೆ. ಅವನನ್ನು ಹಾರ್ಲನ್ನಿನಲ್ಲೇ ಎಲೆಕ್ಟ್ರಿಷಿಯನ್ನೊಬ್ಬನ ಕೈಕೆಳಗೆ ಕೆಲಸ ಕಲಿಯಲು ಸೇರಿಸಿಕೊಂಡಿದ್ದರು. ಚಳಿಗಾಲದಲ್ಲಿ ಆಟಕ್ಕೆ ಬಿಡುತ್ತಾರಂತೆ.

ಮುಂದಿನ ಭಾನುವಾರ ಚರ್ಚು ಬಿಟ್ಟ ಮೇಲೆ ಮಿಸ್ ಕಾರು ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿದರು. ನಾಲ್ಕೂ ಚಕ್ರದ ಗಾಳಿ ನೋಡಬೇಕಂತೆ. ನೋಡಿದೆ, ಸರಿಯಾಗಿತ್ತು.

"ಎಲ್ಲಿಗೆ ಮಿಸ್?"

"ಹಾರ್ಲನ್ನಿಗೆ. ಡಾರ್ಲೀನ್ ಊಟಕ್ಕೆ ಕರೆದಿದ್ದಾಳೆ. ನೂರಾ ನಲವತ್ತು ಕಿಲೋಮೀಟರ್ ಆಗ್ತದಲ್ವಾ?"

ಮಿಸ್ ಹತ್ತು ವರ್ಷದಿಂದ ಊರಿನ ಧಾನ್ಯದ ಗೋದಾಮು ದಾಟಿ ಕಾರು ಓಡಿಸಿದವರಲ್ಲ. ಪಕ್ಕದ ಸೀಟಿನಲ್ಲಿ ಜ್ವೀಬಕ್ ತುಂಬಿದ ದೊಡ್ಡ ಡಬ್ಬಿ. ಅದು ಉರುಳದಂತೆ ಸೀಟ್ ಬೆಲ್ಟು ಸುತ್ತಿ ಬಿಗಿದಿದ್ದರು. ನಾನು ದಾರಿ ಹೇಳಿದೆ, ಅವರು ಅದನ್ನು ನನ್ನ ಬಾಯಿಂದಲೇ ಎರಡು ಸಲ ಒಪ್ಪಿಸಿಕೊಂಡರು. ಆಮೇಲೆ ಖಾಲಿ ರಸ್ತೆಯಲ್ಲಿ ಎಡಕ್ಕೆ ತಿರುಗುವ ಸಿಗ್ನಲ್ಲು ಹಾಕಿ, ಎರಡೂ ಕಡೆ ನೋಡಿ, ದೂರದಲ್ಲೆಲ್ಲೋ ಕಂಡ ಸೈಕಲ್ಲಿನವನೊಬ್ಬ ದಾಟಿಹೋಗುವ ತನಕ ಕಾದು, ಗಂಟೆಗೆ ನಲವತ್ತರ ವೇಗದಲ್ಲಿ ಹೊರಟರು.